ಹಳ್ಳವೂ ಬಳ್ಳವೂ

2023ರ ಏಪ್ರಿಲ್‌ನಲ್ಲಿ ಗುಜರಾತಿನ ಅಮುಲ್ ಬೆಂಗಳೂರಿನಲ್ಲಿ ಹಾಲು ಮಾರುವುದಾಗಿ ಪ್ರಕಟಿಸಿ, ಕರ್ನಾಟಕದ ಸಹಕಾರಿ ಹಾಲಿನ ಹೆಸರಾದ ನಂದಿನಿಯ ಅಳಿವು ಉಳಿವಿನ ಚರ್ಚೆ ಕಾವೇರಿದಂದಿನಿಂದ, "ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ" ಎಂಬ ಗಾದೆ ಸಹಕಾರ ಕ್ಷೇತ್ರವನ್ನು ಬಲ್ಲವರಿಗೆ ಮತ್ತೆ ಮತ್ತೆ ನೆನಪಾಗುತ್ತಿದೆ. ಇದನ್ನು ಮಿತವ್ಯಯದ ಬೋಧೆಯೆನ್ನುವವರು ಕೂಡುವ ಕ್ರಿಯೆಯನ್ನೇ ಮರೆಯುತ್ತಾರೆ. ಬರಿಯ ಒಗ್ಗಟ್ಟಿನ ಸ್ತುತಿಯೆನ್ನುವವರಿಗೆ ಗಾದೆಯ ಉತ್ತರಾರ್ಧ ಅನವಶ್ಯಕವಾಗಿಬಿಡುತ್ತದೆ. ಹಳ್ಳ ಸೇರಿದ ಹನಿಯನ್ನು ಮತ್ತೆ ಬೇರ್ಪಡಿಸಲಾಗದು. ಬಳ್ಳವಾದರೋ ಅಳತೆಯ ಪಾತ್ರೆ, ಯಾರ ಹೊಲದಿಂದ ಎಷ್ಟು ಬಂತೆಂದು ಹೇಳಬಲ್ಲದು. ಬೆರೆಯುವುದು, ಬೆರೆತದ್ದಕ್ಕೆ ಲೆಕ್ಕವಿಡುವುದು, ಇವೆರಡನ್ನೂ ಗಾದೆ ಒಟ್ಟಿಗೆ ಕೇಳುತ್ತದೆ.

ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಇದು ದಿನಕ್ಕೆರಡು ಬಾರಿ ನಡೆಯುತ್ತದೆ. ಪ್ರತಿ ಸದಸ್ಯರ ಹಾಲಿನ ಪ್ರಮಾಣವನ್ನೂ, ಜಿಡ್ಡನ್ನೂ, ಜಿಡ್ಡೇತರ ಘನಾಂಶವನ್ನೂ, ಅಂದರೆ ಕೊಬ್ಬು ಮತ್ತು ನೀರನ್ನು ಬಿಟ್ಟು ಉಳಿಯುವ ಪ್ರೋಟೀನ್, ಸಕ್ಕರೆ, ಲವಣಗಳನ್ನೂ ಅಳೆದ ಬಳಿಕವೇ ಅದು ಎಲ್ಲರ ಹಾಲಿನೊಡನೆ ಸೇರುತ್ತದೆ. ತೊಡಕಿರುವುದು ಮೇಲಿನ ಎರಡು ಹಂತಗಳಲ್ಲಿ. ಒಂದು ಅಥವಾ ಕೆಲವು ಜಿಲ್ಲೆಗಳ ಸಂಘಗಳು ಸೇರಿದ ಒಕ್ಕೂಟ ತನ್ನ ಲಾಭನಷ್ಟ ನೋಡಿಕೊಂಡು ರೈತರಿಗೆ ದರ ಕೊಡುತ್ತದೆ. ಒಕ್ಕೂಟಗಳೆಲ್ಲ ಸೇರಿದ ಕರ್ನಾಟಕ ಹಾಲು ಮಹಾಮಂಡಳ ನಂದಿನಿ ಎಂಬ ಒಂದೇ ಹೆಸರನ್ನು ಎಲ್ಲರಿಗಾಗಿ ಕಾಯುತ್ತದೆ. ಬೆಂಗಳೂರಿನ ಒಕ್ಕೂಟಕ್ಕೆ ಮಾರುಕಟ್ಟೆ ಬಾಗಿಲಲ್ಲೇ ಇದೆ. ದೂರದ ಒಕ್ಕೂಟದ ಹೆಚ್ಚುವರಿ ಹಾಲು ಪುಡಿಯಾಗಬೇಕು, ಪುಡಿಯ ಬೆಲೆ ಕುಸಿದರೆ ನಷ್ಟವನ್ನು ಯಾರಾದರೂ ಹೊರಬೇಕು. ಮಹಾಮಂಡಳದ ಆಡಳಿತ ಮಂಡಳಿಯಲ್ಲಿ ಹೆಚ್ಚಾಗಿ ಒಕ್ಕೂಟಗಳ ಪ್ರತಿನಿಧಿಗಳೇ ಕೂರುವುದರಿಂದ, ಸ್ವಂತ ಜಿಲ್ಲೆಯ ರೈತನ ಪರವಾಗಿ ಬಂದವರೇ ಇಡೀ ನಾಡಿನ ರೈತರಿಗಾಗಿ ತೀರ್ಮಾನಿಸಬೇಕಾಗುತ್ತದೆ.

ಈ ಇಕ್ಕಟ್ಟಿಗೆ ತ್ಯಾಗದ ಉಪದೇಶ ಪರಿಹಾರವಲ್ಲ. ಅಮುಲ್‌ನ ಚರಿತ್ರೆಯೇ ಇದಕ್ಕೆ ಸಾಕ್ಷಿ: 1946ರಲ್ಲಿ ಹುಟ್ಟಿದ ಖೇಡಾ ಒಕ್ಕೂಟ ತಾನು ಬೆಳೆಸಿದ ಆ ಹೆಸರನ್ನು, 1973ರಲ್ಲಿ ಸ್ಥಾಪನೆಯಾದ ಗುಜರಾತ್ ಸಹಕಾರಿ ಹಾಲು ಮಾರಾಟ ಮಹಾಮಂಡಳದ ಮೂಲಕ ಇತರ ಜಿಲ್ಲೆಗಳ ಒಕ್ಕೂಟಗಳಿಗೂ ಬಿಟ್ಟುಕೊಟ್ಟಿತು, ಆದರೆ ತನ್ನ ಡೇರಿಯನ್ನಾಗಲಿ ಲೆಕ್ಕಪತ್ರವನ್ನಾಗಲಿ ಕರಗಿಸಲಿಲ್ಲ. ಹೆಸರು ಹಳ್ಳಕ್ಕೆ ಹೋಯಿತು, ಲೆಕ್ಕ ಬಳ್ಳದಲ್ಲೇ ಉಳಿಯಿತು. ಜಿಲ್ಲೆಗೊಂದು ಒಕ್ಕೂಟ ಬೇಕೆಂದು ಮಾರುಕಟ್ಟೆಯ ಯೋಚನೆಯಿಲ್ಲದೆ ಈಗಿನ ಒಕ್ಕೂಟಗಳನ್ನು ಒಡೆಯಹೊರಡುವವರೂ, ಐಕ್ಯದ ಹೆಸರಿನಲ್ಲಿ ಒಕ್ಕೂಟಗಳ ಸ್ವಾಯತ್ತತೆಯನ್ನೇ ಅಳಿಸಬಯಸುವವರೂ ಗಾದೆಯ ಒಂದೊಂದು ಅರ್ಧವನ್ನು ಕಳೆದುಕೊಂಡವರೇ. ಯಾವ ಒಕ್ಕೂಟದ ಎಷ್ಟು ಹಾಲು ಪುಡಿಗೆ ಹೋಯಿತು, ಅದರ ನಷ್ಟದಲ್ಲಿ ಯಾರ ಪಾಲೆಷ್ಟು ಎಂಬುದು ಆಡಳಿತ ಮಂಡಳಿಯ ಕಡತದಲ್ಲಷ್ಟೇ ಅಲ್ಲ, ಪ್ರತಿ ಹಳ್ಳಿಯ ಸಂಘದ ಗೋಡೆಯ ಮೇಲೂ ಕನ್ನಡದಲ್ಲಿ ಬರೆದಿರಬೇಕು.