ಮರವಾದ ಮೇಲೆ ಬಗ್ಗದೋ?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಮ್ಮ ಸಭೆಗಳಲ್ಲಿಯೂ ಆಗಾಗ್ಗೆ ಕೇಳುತ್ತೇವೆ. ಮಕ್ಕಳನ್ನು ತಿದ್ದುವ ವಿಷಯದಲ್ಲಿ ಅದು ಒಳ್ಳೇ ಮಾತೇ. ಆದರೆ ನಲವತ್ತು ವರುಷ ಕುಡಿದವನೊಬ್ಬನು ಪಶ್ಚಾತ್ತಾಪಪಟ್ಟು ಕರ್ತನ ಭೋಜನಕ್ಕೆ ಸೇರಬೇಕೆಂದು ಬೇಡಿಕೊಂಡಾಗ, ಹಿರಿಯರು ಈ ಗಾದೆಯಿಂದಲೇ ಬಾಗಿಲನ್ನು ಮುಚ್ಚುವದು ನ್ಯಾಯವೋ? ಮುದಿಪ್ರಾಯದವನು ಹೊಸದಾಗಿ ಹುಟ್ಟುವದು ಹೇಗೆಂದು ಸಂಶಯಪಟ್ಟ ನಿಕೊದೇಮನನ್ನು ಕರ್ತನು ಹಾಗೆ ಕಳುಹಿಸಿಬಿಡಲಿಲ್ಲ.

ಮೈಸೂರು ನಗರದ ಬಂಬೂ ಬಜಾರಿನಲ್ಲಿ ಮೇದರ ಕೆಲಸವನ್ನು ನೋಡಿದವರು ಈ ಗಾದೆಯನ್ನು ಅಷ್ಟು ಧೈರ್ಯದಿಂದ ಹೇಳಲಾರರು. ಬಿದಿರು ಹುಲ್ಲಿನ ಜಾತಿಯದಾದರೂ ಬಾಗುವದರಲ್ಲಿ ಅದಕ್ಕೆ ಮರದ ಗುಣವೇ ಉಂಟು. ಹಸಿಯ ಸೀಳು ಕೈಯಲ್ಲಿಯೇ ಬಾಗಿ ಮೊರದ ಅಂಚಾಗುವದು. ಬಲಿತ ಗಳುವನ್ನಾದರೋ ಬಲವಂತದಿಂದ ಬಗ್ಗಿಸಿದರೆ ಸಿಗಿಯುವದು; ಬೆಂಕಿಯ ಮೇಲೆ ಮೆಲ್ಲಗೆ ತಿರುಗಿಸುತ್ತಾ ಕಾಯಿಸಿದರೆ ಅದೇ ಗಳುವು ಬಾಗುವದು.

ಬಡಗಿಗಳು ಮರವನ್ನು ಹಬೆಯಲ್ಲಿ ಬೇಯಿಸುವದೂ ಇದೇ ಕಾರಣದಿಂದ. ನಾರುಗಳನ್ನು ಒಂದಕ್ಕೊಂದು ಅಂಟಿಸಿರುವ ಲಿಗ್ನಿನ್ ಎಂಬ ಪದಾರ್ಥವು ತೇವವೂ ಕಾವೂ ಕೂಡಿದಾಗ ಮೆತ್ತಗಾಗಿ, ಆರಿದಾಗ ತಿರಿಗಿ ಗಟ್ಟಿಯಾಗುವದು. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆ ಹಬೆಯೆಂಬದು ಅವರ ಲೆಕ್ಕ. ಬಾಗುವಾಗ ಒಳಮೈ ಕುಗ್ಗಿಕೊಳ್ಳಬಲ್ಲದು, ಹೊರಮೈ ಹೆಚ್ಚು ಹಿಗ್ಗಲಾರದೆ ಬಿರಿಯುವದು. ವಿಯೆನ್ನಾ ಪಟ್ಟಣದ ಮೈಕೇಲ್ ಥೋನೆಟ್ ಎಂಬವನು ಹೊರಮೈಗೆ ಲೋಹದ ಪಟ್ಟಿಯನ್ನು ಆಸರೆಯಾಗಿ ಬಿಗಿದು ಬೀಚ್ ಮರವನ್ನು ಬಾಗಿಸಿದನು; 1859ರಲ್ಲಿ ಹೊರಟ ಅವನ 14ನೆಯ ನಂಬರಿನ ಕುರ್ಚಿಯು ದೇಶದೇಶಗಳಿಗೆ ಹಬ್ಬಿತು.

ದಪ್ಪ ಹಲಗೆಯಲ್ಲಿ ಕಮಾನಿನ ಆಕಾರವನ್ನು ಗರಗಸದಿಂದಲೇ ಕೊಯ್ದುಕೊಳ್ಳಬಾರದೇ ಎಂದರೆ, ಕೊಯ್ಯಬಹುದು. ಆದರೆ ನಾರು ಅಡ್ಡಕ್ಕೆ ತುಂಡಾಗಿರುವದರಿಂದ ಭಾರ ಬಿದ್ದ ದಿನ ಅಲ್ಲಿಯೇ ಮುರಿಯುವದು. ಬೈದು ಹೆದರಿಸಿ ತಿದ್ದಿದ ನಡತೆಯೂ ಇಂಥದ್ದೇ ಎಂದು ನನಗೆ ತೋರುತ್ತದೆ.

ಹಿರಿಯರ ಭಯಕ್ಕೂ ಕಾರಣವಿಲ್ಲದಿಲ್ಲ. ಅಚ್ಚಿನಿಂದ ಬೇಗ ಬಿಡಿಸಿದ ಮರವು ಹಿಂದಕ್ಕೆ ಚಿಮ್ಮುವದು. ಚೆನ್ನಾಗಿ ಆರಿದ್ದೂ ಸ್ವಲ್ಪ ಬಿಚ್ಚಿಕೊಳ್ಳುವದು. ಆದಕಾರಣ ಬಡಗಿಯು ಬೇಕಾದದ್ದಕ್ಕಿಂತ ತುಸು ಹೆಚ್ಚಾಗಿಯೇ ಬಾಗಿಸಿ, ಅಚ್ಚಿಗೆ ಬಿಗಿದು ದಿನಗಟ್ಟಲೆ ಇಡುತ್ತಾನೆ. ಹಾಗಾದರೆ ಕುಡಿತ ಬಿಟ್ಟವನು ಮತ್ತೆ ಜಾರಿದಾಗ, ಮರವೇ ಕೆಟ್ಟದ್ದೆನ್ನುವದಕ್ಕೆ ಮುಂಚೆ, ಅವನಿಗೆ ಅಚ್ಚು ಎಲ್ಲಿತ್ತೆಂದು ವಿಚಾರಿಸಬೇಕಲ್ಲವೇ?

ಮನುಷ್ಯನು ಮರವಲ್ಲವೆಂಬದು ನಿಜವೇ. ಮರವು ಒಪ್ಪುವದೂ ಇಲ್ಲ, ನಿರಾಕರಿಸುವದೂ ಇಲ್ಲ. ಇವನಾದರೋ ತಾನೇ ಬಂದು ಕೇಳಿದ್ದಾನೆ. ಕಾವು ದೇವರಾತ್ಮನದು, ಹಿಡಿದುಕೊಳ್ಳುವ ಕೆಲಸ ಮಾತ್ರ ಸಭೆಯದು. ಅವನನ್ನು ಒಂದು ವರುಷ ಪರೀಕ್ಷೆಯಲ್ಲಿಡಬೇಕೆಂದು ಹಿರಿಯರು ನಿರ್ಣಯಿಸಿದರೆ ನಾನು ಅಡ್ಡಿ ಹೇಳೆನು. ಆದರೆ ಆ ವರುಷದ ಸಂತೆಯ ಸಾಯಂಕಾಲಗಳನ್ನು ಅವನು ಯಾರ ಮನೆಯ ಜಗಲಿಯಲ್ಲಿ ಕಳೆಯುವನೆಂಬದೂ ಅದೇ ಕೂಟದಲ್ಲಿ ತೀರ್ಮಾನವಾಗಲಿ.