ನೋವೆಲ್ಲ ಶಿಲುಬೆಯೇ?



ತಪಸ್ಸುಕಾಲದ ಒಂದು ಶುಕ್ರವಾರ ಶಿಲುಬೆ ಹಾದಿ ಮುಗಿಸಿ ಯುವಜನರೆಲ್ಲ ದೇವಾಲಯದ ಅಂಗಳದಲ್ಲಿ ನಿಂತಿದ್ದೆವು. ನಮ್ಮಲ್ಲೊಬ್ಬಳು ದಿನವೂ ಹೊಸೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಸ್ಸಿನಲ್ಲಿ ಹೋಗಿಬರುವವಳು. ಬಲಗೈ ಮಣಿಕಟ್ಟನ್ನು ಒತ್ತಿಕೊಳ್ಳುತ್ತಲೇ ಮಾತಾಡುತ್ತಿದ್ದಳು. ಅದನ್ನು ಕಂಡ ಅಜ್ಜಿಯೊಬ್ಬರು ಅಕ್ಕರೆಯಿಂದ, "ಯೇಸಪ್ಪನಿಗೆ ಒಪ್ಪಿಸಿಬಿಡು ಮಗಳೇ, ಆತ ಹೊತ್ತದ್ದಕ್ಕಿಂತ ದೊಡ್ಡದಾ ಇದು?" ಅಂದರು. ಅವಳು ತಲೆಯಾಡಿಸಿದಳು. ಅಜ್ಜಿ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಒಪ್ಪಿಸೋಣ, ಸರಿ. ಆದರೆ ನನ್ನ ಮೇಜು ಎರಡು ಅಂಗುಲ ಹೆಚ್ಚು ಎತ್ತರ ಇದೆ. ಅದನ್ನೂ ಒಪ್ಪಿಸಬೇಕಾ?"

ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಮೇ 1ರ ಕಾರ್ಮಿಕ ಸಂತ ಜೋಸೆಫರ ಹಬ್ಬ ಹತ್ತಿರವಾಗುತ್ತಿರುವಾಗ ಅದನ್ನೇ ನಿಮ್ಮ ಮುಂದಿಡುತ್ತಿದ್ದೇವೆ.

ಕಂಪ್ಯೂಟರ್ ಮುಂದೆ ಕೂತು ದುಡಿಯುವವರ ನೋವು ನೋಡುವವರಿಗೆ ಕಾಣುವುದಿಲ್ಲ. ನೆರಳಿದೆ, ಫ್ಯಾನಿದೆ, ಕುರ್ಚಿಯಿದೆ. "ರಾಗಿ ಹೊಲದಲ್ಲಿ ಬಗ್ಗಿ ಕಳೆ ಕಿತ್ತವರು ನಾವು, ನಿಮಗೇನು ಕಷ್ಟ?" ಎಂದು ಹಿರಿಯರು ಕೇಳಿದರೆ ನಮಗೇ ನಾಚಿಕೆಯಾಗುತ್ತದೆ. ಆದರೆ ದೇಹದ ಲೆಕ್ಕ ಬೇರೆ. ಹೊಲದಲ್ಲಿ ಮೈ ಬಗ್ಗುತ್ತದೆ, ಏಳುತ್ತದೆ, ನಡೆಯುತ್ತದೆ. ಪರದೆಯ ಮುಂದೆ ಅದು ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಉಳಿಯುತ್ತದೆ. ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಕತ್ತಿನ ಸ್ನಾಯುಗಳು ಹೆಚ್ಚು ಬಿಗಿಹಿಡಿಯಬೇಕು. ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಮಣಿಕಟ್ಟನ್ನು ಮೇಲಕ್ಕೆ ಮಡಚಿಟ್ಟು ದಿನವಿಡೀ ಬೆರಳಾಡಿಸಿದರೆ ಕೈ ಜೋಮು ಹಿಡಿಯುತ್ತದೆ.

ಇದು ಈ ಕಾಲದವರ ಸೋಮಾರಿ ದೂರೂ ಅಲ್ಲ. ಕೆಲಸದಿಂದ ಬರುವ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ ಇಟಲಿಯ ವೈದ್ಯ ಬೆರ್ನಾರ್ದಿನೊ ರಮಾಝಿನಿ, ಅದರ 1713ರ ಆವೃತ್ತಿಯಲ್ಲಿ ಬರವಣಿಗೆಯ ಗುಮಾಸ್ತರನ್ನೂ ಸೇರಿಸಿದರು. ಅವರ ನೋವಿಗೆ ಆತ ಕೊಟ್ಟ ಕಾರಣ ಮೂರು: ಸದಾ ಕೂತಿರುವುದು, ಕೈಯ ಒಂದೇ ಬಗೆಯ ಚಲನೆ, ಮನಸ್ಸಿನ ಎಡೆಬಿಡದ ಒತ್ತಡ. ಇಂದಿನ ಯಾವ ಆಫೀಸಿಗೂ ಈ ಮಾತು ಹೊಂದುತ್ತದೆ.

ಹಾಗಾದರೆ ಅಜ್ಜಿ ಹೇಳಿದ್ದು ತಪ್ಪೇ? ಇಲ್ಲ. ತಪ್ಪಿಸಲಾಗದ ನೋವನ್ನು ಕ್ರಿಸ್ತರ ನೋವಿನೊಂದಿಗೆ ಸೇರಿಸಿ ಒಪ್ಪಿಸುವುದು ನಮ್ಮ ವಿಶ್ವಾಸದ ದೊಡ್ಡ ಸಂಪತ್ತು. ಹಾಸಿಗೆ ಹಿಡಿದ ಎಷ್ಟೋ ಹಿರಿಯರು ಆ ಬಲದಿಂದಲೇ ದಿನ ತಳ್ಳುತ್ತಿದ್ದಾರೆ. ನಮ್ಮ ಪ್ರಶ್ನೆ ತಪ್ಪಿಸಬಹುದಾದ ನೋವಿನ ಬಗ್ಗೆ.

ಲೂಕರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಹದಿನೆಂಟು ವರ್ಷ ಬೆನ್ನು ಬಾಗಿಹೋಗಿದ್ದ ಹೆಂಗಸೊಬ್ಬಳು ಬರುತ್ತಾಳೆ. ಅದು ಸಬ್ಬತ್ ದಿನ. ಬೇರೆ ದಿನ ಬಂದು ಗುಣವಾಗಬಹುದಲ್ಲ ಎಂದು ಪ್ರಾರ್ಥನಾ ಮಂದಿರದ ಅಧ್ಯಕ್ಷ ಸಿಡುಕುತ್ತಾನೆ. ಯೇಸುಸ್ವಾಮಿ ಒಂದು ದಿನವೂ ಕಾಯುವುದಿಲ್ಲ. ಇಷ್ಟು ವರ್ಷ ತಾಳಿದ್ದೀಯೆ, ಇನ್ನೂ ತಾಳು ಎಂದು ಅವಳಿಗೆ ಹೇಳುವುದಿಲ್ಲ. ನೆಟ್ಟಗೆ ನಿಲ್ಲಿಸುತ್ತಾರೆ. ನಿಮ್ಮ ಎತ್ತನ್ನು, ಕತ್ತೆಯನ್ನು ಸಬ್ಬತ್ತಿನಲ್ಲೂ ಬಿಚ್ಚಿ ನೀರಿಗೆ ಒಯ್ಯುತ್ತೀರಲ್ಲ ಎಂದು ಕೇಳುತ್ತಾರೆ. ದನಕ್ಕೆ ತೋರುವ ಕಾಳಜಿ ನಮ್ಮ ಬೆನ್ನಿಗೇಕಿಲ್ಲ?

ನಾವು ಚರ್ಚಿಸಿ ಒಂದು ಸಣ್ಣ ಅಳತೆಗೋಲು ಕಂಡುಕೊಂಡೆವು. ಈ ನೋವು ತೆಗೆದರೆ ಅದರೊಂದಿಗೆ ಪ್ರೀತಿಯೂ ಹೋಗುತ್ತದೆಯೇ? ಜ್ವರದ ಮಗುವಿನ ಪಕ್ಕ ತಾಯಿ ರಾತ್ರಿಯಿಡೀ ಎಚ್ಚರವಿರುತ್ತಾಳೆ. ಆ ಆಯಾಸ ಬೇಡವೆಂದರೆ ಮಗುವನ್ನೇ ಬಿಟ್ಟೇಳಬೇಕು. ಅದು ತ್ಯಾಗ. ಎತ್ತರದ ಮೇಜಿನಿಂದ ಬಂದ ಮಣಿಕಟ್ಟಿನ ನೋವು ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಮೇಜು ಸರಿಮಾಡಿದರೆ ದುಡಿಮೆಯೂ ಉಳಿಯುತ್ತದೆ, ಮನೆಯವರ ಮೇಲಿನ ಪ್ರೀತಿಯೂ ಉಳಿಯುತ್ತದೆ. ಅದನ್ನು ಶಿಲುಬೆ ಎಂದು ಕರೆದರೆ ನಮ್ಮ ಅಸಡ್ಡೆಗೆ ಪವಿತ್ರ ಹೆಸರು ಕೊಟ್ಟಂತಾಗುತ್ತದೆ.

ಇನ್ನೊಂದು ಮಾತು. ನನ್ನ ನೋವನ್ನು ನಾನು ಒಪ್ಪಿಸಬಹುದು. ಬೇರೆಯವರ ನೋವನ್ನು ಅವರ ಪರವಾಗಿ ಒಪ್ಪಿಸುವ ಹಕ್ಕು ನನಗಿಲ್ಲ. ಕೆಲಸ ಕೊಟ್ಟವನು ಕೆಲಸದವನಿಗೆ ತಾಳ್ಮೆಯ ಉಪದೇಶ ಮಾಡಿದರೆ ಅದು ಅನ್ಯಾಯ. ಜಗದ್ಗುರು ಎರಡನೇ ಜಾನ್ ಪಾಲ್ 1981ರ ಪರಿಪತ್ರ 'ಲಾಬೊರೆಮ್ ಎಕ್ಸೆರ್ಚೆನ್ಸ್'ನಲ್ಲಿ, ಆರೋಗ್ಯಕ್ಕೆ ಹಾನಿ ಮಾಡದ ಕೆಲಸದ ಜಾಗವನ್ನು ಕಾರ್ಮಿಕರ ಹಕ್ಕುಗಳಲ್ಲಿ ಸೇರಿಸಿದರು. ನಮ್ಮ ತಮಿಳುನಾಡಿನಲ್ಲಿ ಅಂಗಡಿ ಕೆಲಸಗಾರರಿಗೆ ಕುರ್ಚಿ ಕೊಡಲೇಬೇಕೆಂಬ ಕಾನೂನು ಬಂದದ್ದು 2021ರಲ್ಲಿ. ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತೇ ಸೀರೆ ಬಿಡಿಸಿ ತೋರಿಸುತ್ತಿದ್ದ ಅಕ್ಕತಂಗಿಯರ ಕಾಲುನೋವು ಅಷ್ಟು ವರ್ಷ ನಮ್ಮ ಕಣ್ಣಿಗೂ ಬಿದ್ದಿರಲಿಲ್ಲ.

ಇಷ್ಟೆಲ್ಲ ಮಾತಾಡಿದ ಮೇಲೆ ನಮಗೇ ಒಂದು ಪೆಟ್ಟು ಬಿತ್ತು. ತಮಿಳು, ಕನ್ನಡ, ತೆಲುಗು ಮೂರರಲ್ಲೂ ನಮ್ಮ ಧರ್ಮಕೇಂದ್ರದ ಪ್ರಕಟಣೆಗಳನ್ನು ಟೈಪ್ ಮಾಡುವ ಅಕ್ಕ ಕೂರುವುದು ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಕಾಲು ನೆಲಕ್ಕೆ ಸರಿಯಾಗಿ ಎಟುಕುವುದಿಲ್ಲ. ನಾವು ಕಡೇ ಗಳಿಗೆಯಲ್ಲಿ ಬರಹ ತಂದುಕೊಟ್ಟು, "ಇವತ್ತೇ ಆಗಬೇಕಕ್ಕ" ಎನ್ನುತ್ತೇವೆ. ಅವರಿಗೆ ಕೆಲಸ ಕೊಟ್ಟವರು ಯಾರು? ಕಾಣಿಕೆ ಹಾಕುವ ನಾವೇ. ಅವರು ಒಮ್ಮೆಯೂ ದೂರಲಿಲ್ಲ. ಅದನ್ನೇ ನಾವು ಅವರ ಒಳ್ಳೆಯತನವೆಂದು ಹೊಗಳಿ ಸುಮ್ಮನಿದ್ದೆವು.

ಸರಿಪಡಿಸಲು ದೊಡ್ಡ ಹಣವೇನೂ ಬೇಕಿಲ್ಲ. ಪರದೆ ಒಂದು ತೋಳಿನ ದೂರದಲ್ಲಿರಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಅಥವಾ ತುಸು ಕೆಳಗಿರಲಿ. ಲ್ಯಾಪ್‌ಟಾಪ್ ಆದರೆ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು ಬೇರೆ ಕೀಬೋರ್ಡ್ ಜೋಡಿಸಿ. ಮೊಣಕೈ ಪಕ್ಕೆಯ ಹತ್ತಿರವಿರಲಿ, ಮಣಿಕಟ್ಟು ನೇರವಿರಲಿ. ಪಾದ ಎಟುಕದಿದ್ದರೆ ಕೆಳಗೊಂದು ಹಲಗೆ ಇಡಿ, ಸೊಂಟದ ಹಿಂದೆ ಸುತ್ತಿದ ಟವೆಲ್ ಇಡಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ. ಗಂಟೆಗೊಮ್ಮೆಯಾದರೂ ಎದ್ದು ನಡೆಯಿರಿ. ಜೋಮು, ನೋವು ಹೋಗದೇ ಇದ್ದರೆ ವೈದ್ಯರಿಗೆ ತೋರಿಸಿ.

ಯುವ ಸಂಘದಿಂದ ಹಣ ಕೂಡಿಸಿ, ಹಬ್ಬದೊಳಗೆ ಆ ಅಕ್ಕನಿಗೆ ಎತ್ತರ ಹೊಂದಿಸಬಹುದಾದ ಕುರ್ಚಿ ತರಬೇಕೆಂದು ತೀರ್ಮಾನಿಸಿದ್ದೇವೆ. ಬರಹಗಳನ್ನು ಬುಧವಾರದೊಳಗೆ ಕೊಡಬೇಕೆಂದೂ ನಮಗೆ ನಾವೇ ನಿಯಮ ಹಾಕಿಕೊಂಡಿದ್ದೇವೆ. ನಿಮ್ಮ ಅಂಗಡಿ, ಆಫೀಸು, ಮನೆಗಳಲ್ಲೂ ನಿಮಗಾಗಿ ದುಡಿಯುವವರಿದ್ದರೆ, ಅವರು ಎಲ್ಲಿ, ಹೇಗೆ ಕೂರುತ್ತಾರೆ ಎಂದು ಈ ವಾರ ಒಮ್ಮೆ ನೋಡಿ.

ಶಿಲುಬೆ ಹಾದಿಯ ಐದನೆಯ ಸ್ಥಳದಲ್ಲಿ ಸಿರೇನ್ ಪಟ್ಟಣದ ಸಿಮೋನ ಯೇಸುವಿನ ಶಿಲುಬೆಗೆ ಹೆಗಲು ಕೊಡುತ್ತಾನೆ. ಯೇಸು ಆ ಸಹಾಯವನ್ನು ಬೇಡವೆನ್ನಲಿಲ್ಲ. ನಾವೂ ಬೇಡವೆನ್ನದಿರೋಣ, ಕೊಡಲು ಮರೆಯದಿರೋಣ.