ಆಘಾತಕ್ಕೆ ಜೀವಕೋಶದ ಉತ್ತರ

ರೋಗವೆಂಬುದು ಹೊರಗಿನಿಂದ ಬಂದು ದೇಹದಲ್ಲಿ ನೆಲಸುವ ಬೇರೊಂದು ಸತ್ತ್ವವಲ್ಲ, ಮಾರ್ಪಟ್ಟ ಪರಿಸ್ಥಿತಿಗಳಲ್ಲಿ ಮುಂದುವರಿಯುವ ಜೀವನವ್ಯಾಪಾರವೇ ರೋಗವೆಂದು ಪ್ರತಿಪಾದಿಸಿದ ರುಡಾಲ್ಫ್ ವಿರ್ಚೋ, ಬರ್ಲಿನ್ನಿನಲ್ಲಿ ತಾನು ಮಾಡಿದ ಉಪನ್ಯಾಸಗಳನ್ನು 1858ರಲ್ಲಿ ಗ್ರಂಥರೂಪಕ್ಕೆ ತಂದು, ವ್ಯಾಧಿಯ ನೆಲೆಯನ್ನು ಜೀವಕೋಶದಲ್ಲಿ ಗುರುತಿಸಿದನು. ವೈದ್ಯಶಾಸ್ತ್ರವು ಆ ಮಾತನ್ನು ಒಪ್ಪಿ ಬಹುಕಾಲ ಸಂದಿದ್ದರೂ, ಆಘಾತಕ್ಕೊಳಗಾದ ಕೋಶದಲ್ಲಿ ಕಾಣುವ ಮಾರ್ಪಾಡುಗಳನ್ನೆಲ್ಲ ಅವನತಿಯೆಂದೇ ಎಣಿಸುವ ಅಭ್ಯಾಸವು ನಮ್ಮನ್ನು ಬಿಟ್ಟಿಲ್ಲ. ಅವುಗಳಲ್ಲಿ ಹಲವು ಬದುಕಿರುವ ಕೋಶವು ಕೊಡುವ ಉತ್ತರಗಳೆಂಬುದು ನನ್ನ ವಾದ. ಇದಕ್ಕೆ ಯಕೃತ್ತಿನಲ್ಲಿ ಮೇದಸ್ಸು ತುಂಬಿಕೊಳ್ಳುವ ಬಗೆಗಿಂತ ಮಿಗಿಲಾದ ನಿದರ್ಶನವನ್ನು ನಾನರಿಯೆ.

ಯಕೃತ್ತಿಗೆ ಕೊಬ್ಬು ಅಪರಿಚಿತ ವಸ್ತುವಲ್ಲ. ದೇಹದ ಸಂಗ್ರಹದಿಂದಲೂ ಆಹಾರದಿಂದಲೂ ಬಂದ ಮೇದಾಮ್ಲಗಳಲ್ಲಿ ಕೆಲವನ್ನು ದಹಿಸಿ, ಕೆಲವನ್ನು ಟ್ರೈಗ್ಲಿಸರೈಡ್ ಆಗಿ ಮಾರ್ಪಡಿಸಿ, ಪ್ರೋಟೀನಿನೊಡನೆ ಬೆಸೆದು ರಕ್ತಕ್ಕೆ ಸಾಗಿಸುವುದು ಅದರ ನಿತ್ಯಕರ್ಮ. ಈ ಕ್ರಮದಲ್ಲಿ ಎಲ್ಲಿ ತೊಡಕುಂಟಾದರೂ ಕೋಶದೊಳಗೆ ಮೇದೋಬಿಂದುಗಳು ಶೇಖರವಾಗುವುವು. ಮದ್ಯವು ದಹನವನ್ನು ಕುಗ್ಗಿಸಿ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ವೈದ್ಯೆ ಸಿಸಿಲಿ ವಿಲಿಯಮ್ಸ್ 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ ಕಂಡು ವರ್ಣಿಸಿದ ಕ್ವಾಷಿಯೋರ್ಕರ್ ರೋಗದಲ್ಲಾದರೋ, ಎದೆಹಾಲು ಬಿಟ್ಟಮೇಲೆ ಸಾಕಷ್ಟು ಪ್ರೋಟೀನು ದೊರೆಯದ ಮಗುವಿನ ಯಕೃತ್ತಿನಿಂದ ಕೊಬ್ಬು ಹೊರಡಲಾರದು. ಅದನ್ನು ಹೊತ್ತೊಯ್ಯಬೇಕಾದ ಪ್ರೋಟೀನಿಗೇ ಅಲ್ಲಿ ಅಭಾವವೆಂಬುದು ರೂಢಿಯ ವಿವರಣೆ. ಹೀಗೆ ಕುಡುಕನ ಯಕೃತ್ತೂ ಪೋಷಣೆಯಿಲ್ಲದ ಶಿಶುವಿನ ಯಕೃತ್ತೂ ಸೂಕ್ಷ್ಮದರ್ಶಕದ ಕೆಳಗೆ ಬಹುಮಟ್ಟಿಗೆ ಹೋಲುವ ರೂಪವನ್ನೇ ತಾಳುವುವು. ಕೊಬ್ಬಿದ ಯಕೃತ್ತಿನಲ್ಲಿ ಭೋಗಕ್ಕೆ ತಕ್ಕ ದಂಡನೆಯನ್ನಷ್ಟೇ ಕಾಣುವವರು ಈ ಮಗುವನ್ನು ಒಮ್ಮೆಯಾದರೂ ನೆನೆಯಬೇಕೆಂದು ನಾನು ಬೇಡುತ್ತೇನೆ. ಲಕ್ಷಣವು ತನ್ನ ಕಾರಣವನ್ನು ತಾನೇ ನುಡಿಯದು. ಅದರಲ್ಲಿ ರೋಗಿಯ ಶೀಲವನ್ನು ಓದಲು ಹೊರಡುವುದು ಶಾಸ್ತ್ರವೂ ಅಲ್ಲ, ನ್ಯಾಯವೂ ಅಲ್ಲ.

ಈ ಮೇದೋಬಿಂದುಗಳೇ ಕೇಡಿನ ಮೂಲವೆಂದರೆ ಅದೂ ಸಲ್ಲದು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸ್ಥೂಲಕಾಯದ ಇಲಿಗಳ ಯಕೃತ್ತಿನಲ್ಲಿ ಟ್ರೈಗ್ಲಿಸರೈಡಿನ ಉತ್ಪತ್ತಿಯನ್ನು ತಗ್ಗಿಸಿದಾಗ ಕೊಬ್ಬೇನೋ ಇಳಿಯಿತು, ಆದರೆ ಅಂಗಾಂಶದ ಹಾನಿಯೂ ನಾರುಗಟ್ಟುವಿಕೆಯೂ ಮೊದಲಿಗಿಂತ ಹೆಚ್ಚಿದುವು. ಮಿತಿಮೀರಿದ ಬಿಡಿ ಮೇದಾಮ್ಲವು ಕೋಶಕ್ಕೆ ವಿಷಪ್ರಾಯವಾದುದು. ಅದನ್ನು ತಟಸ್ಥವಾದ ಬಿಂದುವಾಗಿ ಕೂಡಿಡುವುದು ಒಂದು ಬಗೆಯ ಆತ್ಮರಕ್ಷಣೆ. ಹಾಗೆಂದು ದೇಹವು ಮಾಡಿದ್ದೆಲ್ಲವೂ ಹಿತವೆಂಬ ಭಾವುಕತೆಗೆ ನಾನು ಸಮ್ಮತಿಸಲಾರೆ. ಕೋಶವು ಈ ಕ್ಷಣದ ಒತ್ತಡಕ್ಕೆ ಓಗೊಡುತ್ತದೆಯೇ ಹೊರತು ನಾಳೆಯನ್ನು ಕಾಣದು. ಕಾರಣವು ನಿಲ್ಲದೆ ಉಳಿದಲ್ಲಿ, ಕೆಲವರಲ್ಲಿ ಉರಿಯೂತವೂ ಅದರ ಬೆನ್ನಿಗೆ ನಾರೂ ತಲೆದೋರಿ, ಕಾಪಾಡಿದ ಉಪಾಯವು ಸಾಲದಾಗುತ್ತದೆ.

ಹಾಗಾದರೆ ಉತ್ತರ ಕೊಡುವ ಶಕ್ತಿ ಮುಗಿಯುವ ಎಲ್ಲೆ ಯಾವುದು? ಇದಕ್ಕೆ ಹೃದಯವನ್ನು ನೋಡೋಣ. ಅದರ ಸ್ನಾಯುವಿನ ಒಂದು ಭಾಗಕ್ಕೆ ರಕ್ತ ನಿಂತ ಸುಮಾರು ಒಂದು ನಿಮಿಷದೊಳಗೆ ಆ ಭಾಗವು ಸಂಕೋಚಿಸುವುದನ್ನು ಬಿಡುತ್ತದೆ, ಆದರೆ ಸತ್ತಿರುವುದಿಲ್ಲ; ಬೇಗನೆ ರಕ್ತ ಮರಳಿದರೆ ಚೇತರಿಸಿಕೊಳ್ಳುತ್ತದೆ. 20–30 ನಿಮಿಷ ಕಳೆದರೆ ಕೋಶಗಳು ಮರಳಲಾರದ ಸ್ಥಿತಿಯನ್ನು ಮುಟ್ಟತೊಡಗುವುವು. ಆದರೂ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಮರಣದ ಕುರುಹು ಗೋಚರಿಸಲು ಇನ್ನೂ ಗಂಟೆಗಳೇ ಬೇಕು. ಮೈಟೋಕಾಂಡ್ರಿಯಗಳು ಚೇತರಿಸದಿರುವುದನ್ನೂ ಪೊರೆಗಳು ಶಿಥಿಲವಾಗುವುದನ್ನೂ ಈ ಎಲ್ಲೆಯ ಚಿಹ್ನೆಗಳೆಂದು ತಜ್ಞರು ಹೇಳುವರು. ಆದರೆ ಚೇತರಿಸದು ಎಂಬ ತೀರ್ಮಾನವನ್ನು ರಕ್ತವು ಮರಳಿದಾಗ ನಡೆಯುವುದನ್ನು ಬಿಟ್ಟು ಹೇಳುವುದೆಂತು? ಮರಳಬಲ್ಲತನವೆಂಬುದು ಕೋಶದೊಳಗೆ ಮಾತ್ರ ಅಡಗಿರುವ ಗುಣವಲ್ಲ. ಅದು ಕೋಶಕ್ಕೂ ಅದರ ಪರಿಸ್ಥಿತಿಗೂ ಇರುವ ಸಂಬಂಧ.

ಯಕೃತ್ತಿನಲ್ಲೂ ಹೀಗೆಯೇ: ಮದ್ಯವನ್ನು ಪೂರ್ಣವಾಗಿ ತೊರೆದವನ ಯಕೃತ್ತಿನಿಂದ ಕೆಲವೇ ವಾರಗಳಲ್ಲಿ ಕೊಬ್ಬು ಕರಗಿಹೋಗುವುದುಂಟು. ಕೋಶವು ತನ್ನ ಹಿಂದಿನ ಕರ್ಮವನ್ನೇ ಮುಂದುವರಿಸುತ್ತದೆ, ಬದಲಾದುದು ಅದಕ್ಕೊದಗಿದ ಪರಿಸ್ಥಿತಿ. ಇಂದು ನಮ್ಮ ಊರುಗಳ ಸ್ಕ್ಯಾನಿಂಗ್ ಕೇಂದ್ರಗಳಿಂದ ‘ಫ್ಯಾಟಿ ಲಿವರ್’ ಎಂಬ ವರದಿಯನ್ನು ಹಿಡಿದು ಮನೆಗೆ ಬರುವವರು ಹಲವರು. ಕೆಲವರು ಅಪರಾಧಿಗಳಂತೆ ತಲೆತಗ್ಗಿಸುವರು, ಕೆಲವರು ಎಲ್ಲರಿಗೂ ಇರುವುದೇ ಎಂದು ಕಡೆಗಣಿಸುವರು. ಆ ಒಂದು ಸಾಲಿನಿಂದ ಎರಡೂ ನಿರ್ಣಯಗಳು ಸಿದ್ಧಿಸವು. ಪಾನ, ದೇಹತೂಕ, ಮಧುಮೇಹ, ಸೇವಿಸುತ್ತಿರುವ ಔಷಧಗಳು ಇವುಗಳಲ್ಲಿ ಯಾವುದನ್ನು ಈಗ ಬದಲಿಸಬಹುದು, ನಾರುಗಟ್ಟುವಿಕೆ ಎಷ್ಟು ದೂರ ಬಂದಿದೆ ಎಂದು ರೋಗಿಯ ಬಳಿ ಕುಳಿತು ವಿಚಾರಿಸುವ ವೈದ್ಯನಿಂದಲೇ ಆ ವರದಿಗೆ ಅರ್ಥ ಬರುತ್ತದೆ.